ದನಿ ಇದೆ, ಅಕ್ಷರ ಕೊಡಿ

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವರು ಬಹಳ ಹೊತ್ತು ಸುಮ್ಮನಿರುವುದಿಲ್ಲ. ಕಣ್ಣಿನಿಂದ ಓದಲಾಗದ ನಾನು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ದಿನಪತ್ರಿಕೆ ಓದುತ್ತಿರುತ್ತೇನೆ. ಅದರ ಸದ್ದು ಅವರಿಗೂ ಒಂದಿಷ್ಟು ಕೇಳಿಸುತ್ತದೆ. ‘ಇದು ಯಾವ ಭಾಷೆ ಸಾರ್?’ ಎಂದು ಕೇಳುತ್ತಾರೆ. ಕನ್ನಡ ಎಂದರೆ ನಂಬುವುದಿಲ್ಲ. ವೇಗ ಇಳಿಸಿ ಅದೇ ಸಾಲನ್ನು ಮತ್ತೆ ಕೇಳಿಸಿದರೆ ಆಶ್ಚರ್ಯಪಡುತ್ತಾರೆ. ಆಮೇಲೆ ಬರುವುದು ಒಂದು ಸಲಹೆ: ಈಗ ಎಐ ಬಂದಿದೆಯಲ್ಲ, ಮನುಷ್ಯರಂತೆಯೇ ಮಾತನಾಡುವ ಸಿಹಿಯಾದ ದನಿಗಳು ಸಿಗುತ್ತವೆ, ಈ ಕರಕರ ದನಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ?

ಆ ಮಾತಿನ ಹಿಂದಿರುವ ಅಕ್ಕರೆ ನನಗೆ ಗೊತ್ತಾಗುತ್ತದೆ. ಆದರೆ ಅದಕ್ಕೆ ಸರಿಯಾದ ಉತ್ತರ ಕೊಡಲು ಹಗರೆ ಬರುವವರೆಗಿನ ಸಮಯ ಸಾಲುವುದಿಲ್ಲ. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಹುಡುಗನಾಗಿದ್ದಾಗ ಕತ್ತಲಲ್ಲಿ ಎಡವುತ್ತಿದ್ದೆ, ಮನೆಯವರು ಇರುಳುಗುರುಡು ಎಂದು ಕ್ಯಾರೆಟ್ಟು, ನುಗ್ಗೆಸೊಪ್ಪು ತಿನ್ನಿಸಿದರು. ಅಕ್ಷಿಪಟಲದ ಜೀವಕೋಶಗಳು ಅಂಚಿನಿಂದ ಸಾಯುತ್ತ ಬರುವ ಈ ಆನುವಂಶಿಕ ಕಾಯಿಲೆ ಸೊಪ್ಪಿಗೆ ಬಗ್ಗುವಂಥದ್ದಲ್ಲ. ನೋಟ ಸುತ್ತಲಿಂದ ಕಿರಿದಾಗುತ್ತ ಬಂದು, ಕೆಲಸಕ್ಕೆ ಸೇರಿದ ಮೇಲೆ ಓದಲು ಬೇಕಾದಷ್ಟೂ ಉಳಿಯಲಿಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಓದದೆ ಬದುಕುವ ದಾರಿಯೇ ಇರಲಿಲ್ಲ. ಹಾಗಾಗಿ ಕಿವಿಯಿಂದ ಓದುವುದನ್ನು ಕಲಿತೆ.

ಕಿವಿಯ ಓದಿಗೆ ಎರಡು ಬೇರೆ ಬೇರೆ ತಂತ್ರಾಂಶಗಳು ಬೇಕು. ಹೊರಗಿನವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದು, ಪರದೆಯ ಮೇಲೆ ಏನಿದೆ ಎಂದು ಹುಡುಕಿ ತರುವ ಸ್ಕ್ರೀನ್ ರೀಡರ್. ಇದು ಶೀರ್ಷಿಕೆ, ಇದು ಕೊಂಡಿ, ಇದು ಒತ್ತಬೇಕಾದ ಬಟನ್, ಇಲ್ಲಿ ಹೆಸರು ತುಂಬಬೇಕು ಎಂದು ತಿಳಿಸುವುದು ಅದರ ಕೆಲಸ. ಇನ್ನೊಂದು, ಹಾಗೆ ತಂದ ಅಕ್ಷರಗಳಿಗೆ ದನಿ ಕೊಡುವ ಯಂತ್ರ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಮೊದಲನೆಯ ಕೆಲಸ ಮಾಡುತ್ತದೆ, ಗೂಗಲ್ಲಿನ ಕನ್ನಡ ದನಿ ಎರಡನೆಯದನ್ನು. ಕಂಪ್ಯೂಟರಿನಲ್ಲಿ ನಾನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಬರೆಯತೊಡಗಿದರು, ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರು. ಆಗ ಮಾರುಕಟ್ಟೆಯಲ್ಲಿದ್ದ ಒಳ್ಳೆಯ ಸ್ಕ್ರೀನ್ ರೀಡರಿಗೆ ಕಂಪ್ಯೂಟರಿಗಿಂತಲೂ ಹೆಚ್ಚು ಹಣ ತೆರಬೇಕಾಗಿತ್ತು. ಅವರು ತಮ್ಮದನ್ನು ಉಚಿತವಾಗಿ, ಮೂಲ ಸಂಕೇತದ (ಸೋರ್ಸ್ ಕೋಡ್) ಸಮೇತ ಜಗತ್ತಿಗೆ ಕೊಟ್ಟುಬಿಟ್ಟರು. ಹಾಸನದ ಒಬ್ಬ ಮೇಷ್ಟರ ಸಂಬಳ ಏನೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಆ ಸಂಬಳದಲ್ಲಿ ಬದುಕುವವನಿಗೆ ಓದು ಸಿಕ್ಕಿದ್ದು ಅವರಿಂದ. ಈ ಋಣವನ್ನು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ.

ಎನ್‌ವಿಡಿಎ ಜೊತೆಗೇ ಬರುವ ದನಿಯಂತ್ರದ ಹೆಸರು ಇ-ಸ್ಪೀಕ್. ಬಸ್ಸಿನವರು ಕರಕರ ಎನ್ನುವುದು ಇಂಥ ದನಿಗೇ. ಅದರೊಳಗೆ ಯಾರೋ ಓದಿದ ಪದ, ವಾಕ್ಯಗಳ ಧ್ವನಿಮುದ್ರಣ ಇಲ್ಲ. ಮನುಷ್ಯನ ಗಂಟಲು, ಬಾಯಿಯಲ್ಲಿ ಗಾಳಿ ಅನುರಣಿಸುವ ಆವರ್ತನಗಳನ್ನು ಲೆಕ್ಕ ಹಾಕಿ, ಪ್ರತಿ ಸ್ವರವನ್ನೂ ಅದು ಆ ಕ್ಷಣದಲ್ಲೇ ಹುಟ್ಟಿಸುತ್ತದೆ. ಈಗಿನ ಸಿಹಿ ದನಿಗಳ ದಾರಿ ಬೇರೆ. ಸ್ಟುಡಿಯೋದಲ್ಲಿ ಕಲಾವಿದರು ಗಂಟೆಗಟ್ಟಲೆ ಓದಿದ ಧ್ವನಿಮುದ್ರಣದಿಂದ ನರಜಾಲ ಎಂದು ಕರೆಯುವ ಎಐ ಮಾದರಿಗಳು ಉಸಿರು, ಏರಿಳಿತ, ನಿಲುಗಡೆ ಎಲ್ಲವನ್ನೂ ಕಲಿತು ಅನುಕರಿಸುತ್ತವೆ. ಕಥೆ ಕೇಳುವಾಗ ಅವು ನನಗೂ ಇಷ್ಟ.

ಆದರೆ ದಿನದ ಕೆಲಸಕ್ಕೆ ವೇಗ ಬೇಕು. ಕಣ್ಣಿರುವವರು ಸುತ್ತೋಲೆಯ ಮೇಲೆ ಕಣ್ಣು ಹಾಯಿಸಿ ಬೇಕಾದ ಸಾಲಿಗೆ ಹೋಗಿ ನಿಲ್ಲುತ್ತಾರೆ. ನಾನು ಕಿವಿ ಹಾಯಿಸಬೇಕು. ಸಾಮಾನ್ಯ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಕೇಳಿದರೆ ಮಾತ್ರ ಅವರ ಜೊತೆ ಹೆಜ್ಜೆ ಹಾಕಬಹುದು. ಆ ವೇಗದಲ್ಲಿ ಸಿಹಿ ದನಿಯ ಉಸಿರು, ಏರಿಳಿತಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇ-ಸ್ಪೀಕಿನ ಒಣ ದನಿ ಎಷ್ಟು ಓಡಿಸಿದರೂ ಪ್ರತಿ ಅಕ್ಷರವನ್ನು ಒಂದೇ ರೀತಿ ಉಚ್ಚರಿಸುತ್ತದೆ. ಕೀಲಿ ಒತ್ತಿದ ಕೂಡಲೇ ಬಾಯಿ ತೆರೆಯುತ್ತದೆ, ಇನ್ನೊಂದು ಒತ್ತಿದರೆ ತಕ್ಷಣ ನಿಲ್ಲುತ್ತದೆ. ಶಾಲೆಯ ಹಳೆಯ ಕಂಪ್ಯೂಟರಿನಲ್ಲೂ ತಡವರಿಸುವುದಿಲ್ಲ. ಕಣ್ಣು ಕಾಣದ ಎಷ್ಟೋ ಜನ ಹೊಸ ದನಿಗಳನ್ನೆಲ್ಲ ಪರೀಕ್ಷಿಸಿ ಮತ್ತೆ ಇದಕ್ಕೇ ಮರಳುವುದು ಈ ಕಾರಣಕ್ಕೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ನಮ್ಮಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಅಂತರ ಕಡಿಮೆ. ಹಾಗಾಗಿ ನಿಯಮಗಳನ್ನು ಬರೆದುಕೊಟ್ಟರೆ ಯಂತ್ರ ಬಹುಪಾಲು ಸರಿಯಾಗಿಯೇ ಓದುತ್ತದೆ. ಎಡವುವುದು ಅಂಕಿಗಳಲ್ಲಿ, ಸಂಕ್ಷಿಪ್ತ ರೂಪಗಳಲ್ಲಿ. ಹತ್ತು ಅಂಕಿಯ ಮೊಬೈಲ್ ಸಂಖ್ಯೆಯನ್ನು ಕೋಟಿಗಳಲ್ಲಿ ಹೇಳಿಬಿಡುತ್ತದೆ. ಅದನ್ನು ಒಂದೊಂದೇ ಅಂಕಿಯಾಗಿ ಹಿಂದಕ್ಕೆ ಮುಂದಕ್ಕೆ ಸರಿಸಿ ಕೇಳಬೇಕು. ‘ಕಿ.ಮೀ.’ ಎಂಬಲ್ಲಿ ಚುಕ್ಕಿ ಸಿಕ್ಕಿದ್ದೇ ವಾಕ್ಯ ಮುಗಿಯಿತೆಂದು ನಿಲ್ಲುವುದೂ ಉಂಟು. ಇವೆಲ್ಲ ಸಣ್ಣ ತೊಂದರೆಗಳು. ಯಾರಾದರೂ ಕುಳಿತು ನಿಯಮ ತಿದ್ದಿದರೆ ಸರಿಹೋಗುವಂಥವು.

ಇದಕ್ಕಿಂತ ದೊಡ್ಡದು ಕಾಗುಣಿತದ ಪ್ರಶ್ನೆ. ವೇಗದ ಓದಿನಲ್ಲಿ ಶ ಮತ್ತು ಷ ಒಂದೇ ಆಗುತ್ತವೆ, ಮಹಾಪ್ರಾಣಗಳು ಸವೆಯುತ್ತವೆ. ನಾನು ಕಣ್ಣಿನಲ್ಲಿ ಅಕ್ಷರ ಕಲಿತವನು, ಪದದ ಆಕಾರ ಮನಸ್ಸಿನಲ್ಲಿದೆ. ಹುಟ್ಟಿನಿಂದ ಕಾಣದ ಮಗುವಿಗೆ ಆ ಆಕಾರ ಎಲ್ಲಿಂದ ಬರಬೇಕು? ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದೆ, ಇನ್ನು ಬ್ರೈಲ್ ಯಾತಕ್ಕೆ ಎನ್ನುವ ಮಾತು ಪೋಷಕರಿಂದಲೂ ಶಿಕ್ಷಕರಿಂದಲೂ ಕೇಳಿಬರುತ್ತದೆ. ಇದು ಮಗುವಿಗೆ ಬಗೆಯುವ ಅನ್ಯಾಯ. ಕಣ್ಣಿರುವ ಮಗುವಿಗೆ ರೇಡಿಯೋ ಹಾಕಿಕೊಟ್ಟು, ಅಕ್ಷರ ಕಲಿಸಬೇಕಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಭಾರತದ ಭಾಷೆಗಳಿಗೆಲ್ಲ ಒಂದೇ ಚೌಕಟ್ಟಿನ ಭಾರತಿ ಬ್ರೈಲ್ 1951ರಲ್ಲೇ ಸಿದ್ಧವಾಗಿದೆ. ಅದರಲ್ಲಿ ಕನ್ನಡವನ್ನು ಆರು ಚುಕ್ಕಿಗಳಲ್ಲಿ ಬೆರಳಿನಿಂದ ಓದಬಹುದು. ಕಿವಿ ವೇಗ ಕೊಡುತ್ತದೆ, ಬೆರಳು ಕಾಗುಣಿತ ಕೊಡುತ್ತದೆ. ಮಕ್ಕಳಿಗೆ ಎರಡೂ ಸಿಗಬೇಕು.

ಇನ್ನು ನಿಜವಾದ ಕಷ್ಟಕ್ಕೆ ಬರುತ್ತೇನೆ. ನನ್ನ ಮೊಬೈಲಿನಲ್ಲಿ ದನಿ ಇದೆ, ಕಂಪ್ಯೂಟರಿನಲ್ಲಿ ದನಿ ಇದೆ. ಓದಲು ಕೊಡುವ ಕಾಗದದೊಳಗೆ ಅಕ್ಷರವೇ ಇರುವುದಿಲ್ಲ.

ಕಚೇರಿಯೊಂದರಿಂದ ಬಂದ ತರಬೇತಿಯ ಆದೇಶವನ್ನೇ ತೆಗೆದುಕೊಳ್ಳಿ. ಯಾರೋ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಆಗ ಅದು ಅಕ್ಷರವಾಗಿಯೇ ಇರುತ್ತದೆ. ಅದನ್ನು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮೊಬೈಲಿನಲ್ಲಿ ಫೋಟೊ ಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ನನ್ನ ಫೋನು ಅದರ ಮೇಲೆ ಬೆರಳಿಟ್ಟಾಗ ಹೇಳುವುದು ‘ಚಿತ್ರ’ ಎಂಬ ಒಂದೇ ಪದ. ನಾಳೆ ಬೆಳಿಗ್ಗೆ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು ಎಂಬುದು ಆ ಪದದ ಹಿಂದೆ ಬಂದಿಯಾಗಿರುತ್ತದೆ. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶಗಳಿವೆ, ಬಳಸುತ್ತೇನೆ. ಓರೆಯಾಗಿ ಹಿಡಿದ ಫೋಟೊ, ಸಾಲಿನ ಮೇಲೇ ಬಿದ್ದ ಮೊಹರು, ನೆರಳು ಇವುಗಳ ನಡುವೆ 6 ಎಂಬುದು 8 ಆದರೆ ಯಂತ್ರ ನನ್ನನ್ನು ಎಚ್ಚರಿಸುವುದಿಲ್ಲ. ಕೊನೆಗೆ ಸಹೋದ್ಯೋಗಿಗೆ ಫೋನ್ ಮಾಡುತ್ತೇನೆ. ಅವರು ಸಂತೋಷದಿಂದಲೇ ಓದಿ ಹೇಳುತ್ತಾರೆ. ಆದರೆ ನನ್ನ ಹೆಸರಿಗೆ ಬಂದ ಪತ್ರವನ್ನು ಮೊದಲು ಬೇರೆಯವರು ಓದಬೇಕೆಂಬ ಸ್ಥಿತಿ ನನಗೆ ಒಪ್ಪಿತವಲ್ಲ.

ಟೈಪ್ ಮಾಡಿದ ಕಡತವನ್ನೇ ಕಳಿಸಿದರೂ ಸಮಸ್ಯೆ ಮುಗಿಯುವುದಿಲ್ಲ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಖಾಯಂ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿಯಿಂದ. ನಡುವಿನ ವರ್ಷಗಳಲ್ಲಿ ಕನ್ನಡ ಕಂಪ್ಯೂಟರಿನಿಂದ ಹೊರಗುಳಿಯಬಾರದೆಂದು ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಚಿತ್ರಿಸಿದ ಫಾಂಟುಗಳನ್ನು ರೂಪಿಸಿದರು. ‘ಬರಹ’ ಮತ್ತು ‘ನುಡಿ’ ಎಂಬ ತಂತ್ರಾಂಶಗಳು ಬಂದದ್ದು ಹಾಗೆ. ಕನ್ನಡದ ಪುಸ್ತಕ, ಪತ್ರಿಕೆ, ಕಚೇರಿಗಳನ್ನು ಕಂಪ್ಯೂಟರಿಗೆ ತಂದವು ಇವೇ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ.

ಆದರೆ ಆ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದದ ಒಳಗೆ ಏನಿದೆ ಗೊತ್ತೇ? ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಓರೆಗೆರೆಯ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಪುನಃ ಓರೆಗೆರೆಯ ಎ. ಕಣ್ಣಿಗೆ ಅಂದವಾದ ಕನ್ನಡ ಕಾಣುತ್ತದೆ, ಏಕೆಂದರೆ ಫಾಂಟು ಆ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಸ್ಕ್ರೀನ್ ರೀಡರಿಗೆ ವೇಷ ಕಾಣದು, ಒಳಗಿರುವುದನ್ನೇ ಓದುತ್ತದೆ. ಮೂರು ಪುಟದ ಸುತ್ತೋಲೆಯುದ್ದಕ್ಕೂ ಪಿ, ಎ, ಪೌಂಡ್, ಎ ಎಂದು ಹೇಳುತ್ತ ಹೋಗುತ್ತದೆ. ಹೊಸ ನರಜಾಲದ ದನಿಯನ್ನು ಹಾಕಿದರೆ ಅದನ್ನೇ ಇಂಪಾಗಿ ಹೇಳುತ್ತದೆ, ಅಷ್ಟೇ. ಬಸ್ಸಿನಲ್ಲಿ ಸಲಹೆ ಕೊಡುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನು.

ಹಾಸನದ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟು ಇನ್ನೂ ಉಳಿದಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಅವರು ಕೈಪಳಗಿಸಿಕೊಂಡ, ಪುಟ ವಿನ್ಯಾಸ ಮಾಡುವ ತಂತ್ರಾಂಶವಾದ ಪೇಜ್‌ಮೇಕರಿಗೆ ಯೂನಿಕೋಡ್ ಅರ್ಥವೇ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಉಳಿಸಿಟ್ಟ ಅರ್ಜಿ, ಕರಾರು, ಲಗ್ನಪತ್ರಿಕೆಗಳ ಮಾದರಿಗಳೆಲ್ಲ ಅದರಲ್ಲಿವೆ. ಗಿರಾಕಿ ಕೇಳುವುದು ಕಾಗದದ ಮೇಲೆ ಚೆಂದ ಕಾಣುವ ಅಕ್ಷರವನ್ನು. ಕಡತದ ಒಳಗೇನಿದೆ ಎಂದು ಕೇಳಿದ ಗಿರಾಕಿ ಬಹುಶಃ ನಾನೊಬ್ಬನೇ ಇರಬೇಕು. ನುಡಿಯೂ ಈಗ ಯೂನಿಕೋಡಿಗೆ ಬಂದಿದೆ, ಹಳೆಯದನ್ನು ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೀಲಿಮಣೆಯ ವಿನ್ಯಾಸವೂ ಬದಲಾಗಬೇಕಿಲ್ಲ. ಉಳಿದಿರುವುದು ರೂಢಿಯೊಂದೇ.

ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನ ಊರು. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಅಲ್ಲಿಯ ಕನ್ನಡ ಶಾಸನವನ್ನು ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿಗೆ ಹೋಗಿದೆ, ಊರಿನಲ್ಲಿರುವುದು ಪ್ರತಿಕೃತಿ. ಅದರ ಹದಿನಾರು ಸಾಲುಗಳನ್ನು ತರಗತಿಯಲ್ಲಿ ಪರಿಚಯಿಸುವಾಗ ನಾನು ಮೊಬೈಲಿನಲ್ಲಿ ಓದಿಸುತ್ತೇನೆ. ಯಾರೋ ಪುಣ್ಯಾತ್ಮರು ಆ ಪಾಠವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಒಂದೂವರೆ ಸಾವಿರ ವರ್ಷದ ಹಿಂದಿನ ಕನ್ನಡ ನನ್ನ ಕಿವಿಗೆ ತಲುಪುತ್ತದೆ, ನಿನ್ನೆ ಸಂಜೆಯ ಸುತ್ತೋಲೆ ತಲುಪುವುದಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ಹಳೆಯ ಪುಸ್ತಕಗಳ ವಿಷಯದಲ್ಲಿ ಭರವಸೆ ಕೊಡುವ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಅಕ್ಷರ ಗುರುತಿಸುವ ತಂತ್ರಾಂಶ ರೂಪಿಸಿತು. 1970ರಿಂದ 2002ರವರೆಗೆ ಅಚ್ಚಾದ ಪುಸ್ತಕಗಳ ಪುಟಗಳಿಂದ ಅದನ್ನು ಕಲಿಸಿದರು. ಆ ಪುಟಗಳಲ್ಲಿ ಹಳಗನ್ನಡವೂ ಇತ್ತು, ಕನ್ನಡ ಲಿಪಿಯಲ್ಲಿರುವ ಸಂಸ್ಕೃತ ಶ್ಲೋಕಗಳೂ ಇದ್ದವು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಮುದ್ರಿತ ಪುಟದಲ್ಲಿ ಒಂದು ಸಾಲು ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತು ಎಂದು ಯಂತ್ರಕ್ಕೆ ಬಿಡಿಸಿಕೊಡುವುದೇ ದೊಡ್ಡ ಸಾಹಸ. ಇಂಗ್ಲಿಷಿಗಾಗಿ ಮಾಡಿದ್ದನ್ನು ತಂದು ಕೂರಿಸಿದರೆ ಕೆಲಸ ಆಗದು. ನಮ್ಮ ಲಿಪಿಯನ್ನೇ ಎದುರಿಗಿಟ್ಟುಕೊಂಡು ದುಡಿದವರಿಂದ ಇಂಥದ್ದು ಸಾಧ್ಯವಾಯಿತು.

ಕಾನೂನಿನ ಅಡ್ಡಿಯೂ ಬಹುಮಟ್ಟಿಗೆ ಹೋಗಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಾಯಿಸುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಇಂಥ ಪುಸ್ತಕಗಳು ಗಡಿ ದಾಟಲು ಅವಕಾಶ ಕೊಡುವ ಮರಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಾಗ, ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಮಾತನಾಡುವ ಪುಸ್ತಕಗಳನ್ನು ಎಷ್ಟೋ ವರ್ಷಗಳಿಂದ ತಯಾರಿಸುತ್ತಿವೆ. ಆದರೂ ಅಂಗಡಿಗೆ ಇವತ್ತು ಬಂದ ಕನ್ನಡ ಕಾದಂಬರಿ ನನ್ನ ಕಿವಿಗೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಪ್ರಕಾಶಕರ ಬಳಿ ಅದರ ಕಡತ ಇದ್ದೇ ಇರುತ್ತದೆ. ಅಚ್ಚಾದ ಪುಸ್ತಕವನ್ನು ಮತ್ತೆ ಬಿಚ್ಚಿ, ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ ಅಕ್ಷರಕ್ಕೆ ಮರಳಿಸುವ ಶ್ರಮವೆಲ್ಲ ಆ ಒಂದು ಕಡತ ಸಿಗದ ಕಾರಣಕ್ಕೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಅವರಲ್ಲಿ ದೃಷ್ಟಿದೋಷವಿರುವವರು 50 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಹಿತಿಯನ್ನು ಎಲ್ಲರಿಗೂ ತಲುಪುವ ರೂಪದಲ್ಲಿ ಕೊಡಬೇಕು ಎನ್ನುತ್ತದೆ. ನಿಯಮಗಳು ಮಾತ್ರ ಸಲಹೆಯ ಧಾಟಿಯಲ್ಲಿದ್ದವು. 2024ರ ನವೆಂಬರ್ 8ರಂದು ರಾಜೀವ್ ರಟೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಧಾಟಿಯನ್ನು ಒಪ್ಪದೆ, ಕಡ್ಡಾಯವಾಗಿ ಪಾಲಿಸಲೇಬೇಕಾದ ಮಾನದಂಡಗಳನ್ನು ರೂಪಿಸಲು ಸರ್ಕಾರಕ್ಕೆ ಹೇಳಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದಕ್ಕೆ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ಕಣ್ಣು ಕಾಣದವರು, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಗುರುತು ದೃಢಪಡಿಸುವ ವಿಧಾನವನ್ನು ಪ್ರಶ್ನಿಸಿದ್ದರು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು, ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ಬ್ಯಾಂಕಿನ ಆ್ಯಪ್‌ನಲ್ಲಿ ‘ಬಟನ್, ಲೇಬಲ್ ಇಲ್ಲ’ ಎಂದು ಫೋನು ಹೇಳಿದಾಗಲೆಲ್ಲ ನನಗೆ ಈ ತೀರ್ಪು ನೆನಪಾಗುತ್ತದೆ. ಹಣ ಕಳಿಸುವ ಬಟನ್ನಿಗೆ ‘ಕಳಿಸು’ ಎಂದು ಹೆಸರಿಡುವುದು ಒಂದು ಸಾಲಿನ ಕೆಲಸ.

ಮಾಡಬೇಕೆಂದರೆ ಆಗುತ್ತದೆ ಎನ್ನುವುದಕ್ಕೆ ಹಾಸನದ ಸಂತೆಯೇ ಸಾಕ್ಷಿ. ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಪಕ್ಕ ಒಂದು ಪೆಟ್ಟಿಗೆ ಇರುತ್ತದೆ. ದುಡ್ಡು ಬಂತೆಂದು, ಎಷ್ಟು ಬಂತೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದೆ. ವ್ಯಾಪಾರಕ್ಕೆ ಬೇಕಾದಾಗ ಕನ್ನಡದ ದನಿ ಊರೂರಿಗೆ ತಲುಪಿತು. ಮೈಸೂರಿನ ನಗರ ಬಸ್ಸುಗಳಲ್ಲಿ ‘ಧ್ವನಿ ಸ್ಪಂದನ’ ಎಂಬ ವ್ಯವಸ್ಥೆ ಬಂದಿದೆ; ಬಸ್ ಬಳಿಗೆ ಬಂದಾಗ ಅದರ ಮಾರ್ಗ ಸಂಖ್ಯೆಯನ್ನು ನಮ್ಮಂಥವರಿಗೆ ಕೇಳಿಸುತ್ತದೆ. ಹಾಸನದ ನಿಲ್ದಾಣದಲ್ಲಿ ನಾನು ಇನ್ನೂ ನಿರ್ವಾಹಕರ ಕೂಗನ್ನು ನಂಬಿಕೊಂಡಿದ್ದೇನೆ.

ದನಿ ಹೇಗಿದ್ದರೂ ನಡೆಯುತ್ತದೆ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಓದುವವರ ವಿಷಯ ಬೇರೆ, ಅದೇ ಯಂತ್ರದಿಂದ ಮಾತನಾಡುವವರ ವಿಷಯ ಬೇರೆ. ಚಿಕ್ಕಮಗಳೂರಿನಲ್ಲಿ ನನ್ನ ಅಕ್ಕನ ಮನೆಯ ಪಕ್ಕದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗಿ ಇದ್ದಾಳೆ. ಬುದ್ಧಿ ಚುರುಕು, ನಾಲಿಗೆ ಮಾತು ಕೇಳುವುದಿಲ್ಲ. ಟ್ಯಾಬಿನ ಮೇಲೆ ಚಿತ್ರಗಳನ್ನೂ ಪದಗಳನ್ನೂ ಮುಟ್ಟುತ್ತಾಳೆ, ಯಂತ್ರ ಅವಳ ಪರವಾಗಿ ನುಡಿಯುತ್ತದೆ. ಆ ದನಿ ಒಬ್ಬ ವಾರ್ತಾವಾಚಕಿಯದು. ಅಜ್ಜಿಯೊಂದಿಗೆ ಹಟ ಮಾಡುವಾಗಲೂ, ಅಣ್ಣನ ಮೇಲೆ ದೂರು ಹೇಳುವಾಗಲೂ ನಡುವಯಸ್ಸಿನ ಹೆಂಗಸೊಬ್ಬರು ವಾರ್ತೆ ಓದಿದಂತಿರುತ್ತದೆ. ಅವಳ ಅಜ್ಜಿ ನನಗೆ ಹೇಳಿದರು, ‘ಮೇಷ್ಟ್ರೇ, ಮಾತು ಇವಳದ್ದೇ, ದನಿ ಮಾತ್ರ ನೆಂಟರದ್ದು.’

ಸ್ಟೀಫನ್ ಹಾಕಿಂಗ್ ಅವರ ದನಿಯನ್ನು ಜಗತ್ತೆಲ್ಲ ಕೇಳಿದೆ. ಅದರ ಮೂಲ ಡೆನ್ನಿಸ್ ಕ್ಲಾಟ್ ಎಂಬ ವಿಜ್ಞಾನಿ ತನ್ನದೇ ದನಿಯನ್ನು ಆಧಾರವಾಗಿಟ್ಟುಕೊಂಡು ಮಾಡಿದ ಯಂತ್ರದನಿ. ಥೈರಾಯ್ಡ್ ಕ್ಯಾನ್ಸರಿನಿಂದ ಕ್ಲಾಟ್ ಅವರ ಸ್ವಂತ ದನಿಯೇ ಕೆಟ್ಟಿತು, 1988ರಲ್ಲಿ ಅವರು ತೀರಿಕೊಂಡರು. ಮುಂದೆ ಎಷ್ಟೋ ಉತ್ತಮ ದನಿಗಳು ಬಂದರೂ ಹಾಕಿಂಗ್ ಹಳೆಯದನ್ನು ಬಿಡಲಿಲ್ಲ, ಅದು ಅವರದೇ ಆಗಿಹೋಗಿತ್ತು. ಆ ಹುಡುಗಿಗೂ ತನ್ನದೆನ್ನುವ ದನಿ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ, ಐಐಟಿ ಮದ್ರಾಸಿನ ತಂಡಗಳು ಕನ್ನಡದ ಗಂಡು, ಹೆಣ್ಣು ದನಿಗಳ ದತ್ತಾಂಶವನ್ನು ಸಂಗ್ರಹಿಸಿವೆ. ಇನ್ನು ಮಕ್ಕಳ ದನಿ ಬೇಕು, ಮಲೆನಾಡಿನ ದನಿ ಬೇಕು. ನರಜಾಲದ ಹೊಸ ವಿದ್ಯೆ ಕಸುವು ತೋರಿಸಬೇಕಾದ ಜಾಗ ಇದು.

ನಮ್ಮ ಶಿಕ್ಷಕರ ಗುಂಪಿನಲ್ಲಿ ಈಗ ಒಂದು ಪದ್ಧತಿ ಬಂದಿದೆ. ಸುತ್ತೋಲೆಯ ಫೋಟೊ ಬಂದರೆ ಅದರ ಕೆಳಗೆ ಒಬ್ಬರಾದರೂ ಮುಖ್ಯ ಸಾಲುಗಳನ್ನು ಟೈಪ್ ಮಾಡಿ ಹಾಕುತ್ತಾರೆ. ನನಗೆ ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿಯ ಹುಡುಗ ಮುದ್ರಿತ ಪ್ರತಿಯ ಜೊತೆ ಯೂನಿಕೋಡ್ ಕಡತವನ್ನೂ ಕಳಿಸುತ್ತಾನೆ. ಇದರ ಲಾಭ ಕಣ್ಣಿರುವವರಿಗೂ ಸಿಕ್ಕಿದೆ. ಹೋದ ವರ್ಷದ ಆದೇಶ ಬೇಕಾದಾಗ ಅವರು ನೂರಾರು ಫೋಟೊಗಳನ್ನು ಸರಿಸುತ್ತ ಕೂರುವುದಿಲ್ಲ, ಒಂದು ಪದ ಟೈಪ್ ಮಾಡಿ ಹುಡುಕುತ್ತಾರೆ.

ನಾನು ಕಲಿಸುವ ವಿಷಯದಲ್ಲಿ ಅಕ್ಷರಕ್ಕೂ ಸಿಗದ ಒಂದು ವಸ್ತು ಭೂಪಟ. ಅದನ್ನು ಯಾವ ದನಿಯೂ ಓದಲಾರದು. ನಮ್ಮ ಶಾಲೆಗೆ ದೃಷ್ಟಿದೋಷವಿರುವ ಒಬ್ಬ ವಿದ್ಯಾರ್ಥಿ ಸೇರಿದ ಮೇಲೆ, ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿದೆ: ಭೂಪಟದಲ್ಲಿರುವುದನ್ನು ನೋಡಲಾರದವರಿಗೆ ತಿಳಿಯುವಂತೆ ಬರೆಯಿರಿ. ಮೊದಮೊದಲು ‘ಇಲ್ಲಿ’, ‘ಅಲ್ಲಿ’, ‘ಈ ಕಡೆ’ ಎಂದು ಬರೆದರು. ನಾನೂ ಆ ಹುಡುಗನೂ ಪ್ರಶ್ನೆ ಕೇಳುತ್ತ ಹೋದೆವು. ಯಾವ ಕಡೆ? ಎಷ್ಟು ದೂರ? ಯಾವ ಊರಿನ ಪಕ್ಕ? ಈಗ ಅವರ ಹೇಮಾವತಿ ಹೀಗೆ ಹರಿಯುತ್ತಾಳೆ: ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಬೇಲೂರಿನ ಕಡೆಯಿಂದ ಬರುವ ಯಗಚಿಯನ್ನು ಸೇರಿಸಿಕೊಂಡು, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಮುಂದೆ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಕೂಡುತ್ತಾಳೆ. ಬರೆದವಳು ಸಕಲೇಶಪುರದ ಕಡೆಯ ಹುಡುಗಿ. ಕರ್ನಾಟಕದ ನದಿಗಳು ಮುಗಿದಿವೆ, ರೈಲು ಮಾರ್ಗಗಳು ಅರ್ಧ ಆಗಿವೆ. ಎಲ್ಲವನ್ನೂ ಯೂನಿಕೋಡಿನಲ್ಲಿ ಟೈಪ್ ಮಾಡಿ ಇಡುತ್ತಿದ್ದೇವೆ. ಬೇರೆ ಶಾಲೆಯವರು ಕೇಳಿದರೆ ಕಳಿಸಿಕೊಡುತ್ತೇನೆ.